ರಕ್ತದಲ್ಲಿ ಇಲ್ಲ ಅಂದ ಮಾತ್ರಕ್ಕೆ

ಗುಬ್ಬಿ ಹತ್ತಿರದ ಆ ಶೆಡ್ಡಿನ ಕೋಳಿಗಳನ್ನೆಲ್ಲ ಕೊಂದು, ಸುಣ್ಣ ಸುರಿದು ಹೂಳಬೇಕೆಂದು ನಮ್ಮ ಉಪನಿರ್ದೇಶಕರು ತೀರ್ಮಾನಿಸಿದ್ದು ನನ್ನದೇ ಪರೀಕ್ಷೆಯ ಫಲಿತಾಂಶ ನೋಡಿ. ಅದಕ್ಕೇ ನನಗೆ ಅಷ್ಟು ಉರಿದದ್ದು. ರಕ್ತದಲ್ಲಿ ಪ್ರತಿಕಾಯ ಸಿಗಲಿಲ್ಲ ಅಂತ ನಾನು ಬರೆದಿದ್ದೆ. ಕೋಳಿಯಲ್ಲಿ ಶಕ್ತಿಯೇ ಇಲ್ಲ ಅಂತ ಅವರು ಓದಿಕೊಂಡಿದ್ದರು.

ಎಂಬತ್ತರ ದಶಕದ ನಡುಭಾಗ ಅದು. ತುಮಕೂರಿನಲ್ಲಿ ನಮ್ಮದು ಪಶುರೋಗ ಪತ್ತೆ ಮಾಡುವ ಪುಟ್ಟ ಲ್ಯಾಬು: ಎರಡು ಕೋಣೆ, ಒಂದು ಇನ್‌ಕ್ಯುಬೇಟರು, ಕರೆಂಟು ಹೋದಾಗಲೆಲ್ಲ ಜೀವ ಬಾಯಿಗೆ ತರುವ ಒಂದು ಫ್ರಿಜ್ಜು. ಡಾಕ್ಟರಾದರೇನು, ಹೆಂಗಸು, ಎತ್ತಿನ ಕಾಲು ಹಿಡಿಯಲು ಆಗುವುದಿಲ್ಲ ಎಂದು ನನ್ನನ್ನು ಅಲ್ಲಿ ಕೂರಿಸಿದ್ದರು. ಕೂರಿಸಿದರೆ ಸುಮ್ಮನೆ ಕೂತಿರುತ್ತಾಳೆ ಅಂದುಕೊಂಡದ್ದು ಅವರ ತಪ್ಪು.

ಆ ವರ್ಷ ಆಷಾಢದ ಗಾಳಿ ಎದ್ದ ಹೊತ್ತಿಗೆ ಕುಣಿಗಲ್ ಕಡೆಯ ಒಂದು ಮರಿ ಸಾಕಣೆ ಕೇಂದ್ರದಲ್ಲಿ ಕೋಳಿಗಳು ಕೆಮ್ಮತೊಡಗಿದವು. ಕೊಕ್ಕರೆ ರೋಗವಲ್ಲ, ಅದಾಗಿದ್ದರೆ ಕೇಂದ್ರವೇ ಖಾಲಿಯಾಗುತ್ತಿತ್ತು. ಇದರಲ್ಲಿ ಸಾಯುವುದು ಕಡಿಮೆ, ನರಳುವುದು ಹೆಚ್ಚು. ಗಂಟಲಲ್ಲಿ ಗೊರಗೊರ, ಕಣ್ಣಲ್ಲಿ ನೀರು, ಮೊಟ್ಟೆಯಿಡುವ ಕೋಳಿಯಾದರೆ ಸುಕ್ಕುಬಿದ್ದ, ತೊಗಲಿನಂಥ ಮೊಟ್ಟೆ. ಸತ್ತ ಕೋಳಿಯ ಶ್ವಾಸನಾಳ ಅರೆದು, ಸೋಸಿ, ಭ್ರೂಣವಿದ್ದ ಮೊಟ್ಟೆಗೆ ಚುಚ್ಚಿ ನೋಡಿದೆ. ಒಳಗಿನ ಮರಿ ಬೆಳೆಯದೆ ಉಂಡೆಯಾಗಿ ಸುರುಟಿಕೊಂಡಿತು. ಕೊರೊನಾ ಜಾತಿಯ ವೈರಸ್ಸಿನ ಗುರುತು ಅದು. ಕೊರೊನಾ ಎಂಬ ಹೆಸರು ಆಗ ನಮ್ಮ ಪಠ್ಯಪುಸ್ತಕದ ಒಂದು ಮೂಲೆಯಲ್ಲಿತ್ತು, ಅಷ್ಟೆ. ಕೋಳಿಯ ನೆಗಡಿಗೆ ಯಾರು ತಲೆ ಕೆಡಿಸಿಕೊಳ್ಳುತ್ತಾರೆ?

ನಮ್ಮ ಉಪನಿರ್ದೇಶಕರು ಕೆಡಿಸಿಕೊಂಡರು. ಆ ಕೇಂದ್ರದ ಮರಿಗಳನ್ನು ಗುಬ್ಬಿ ತಾಲ್ಲೂಕಿನ ರೈತರಿಗೆ ಹಂಚುವ ಯೋಜನೆಯಿತ್ತು. ಹಂಚುವ ಮೊದಲು ಅಲ್ಲಿನ ದೊಡ್ಡ ಶೆಡ್ಡುಗಳ ಕೋಳಿಗಳಿಗೆ ಈ ರೋಗ ತಡೆಯುವ ಶಕ್ತಿ ಇದೆಯೋ ಇಲ್ಲವೋ ನೋಡಿ ಎಂದು ನನ್ನನ್ನು ಕಳಿಸಿದರು. ದೊಡ್ಡದು ಅನ್ನಬಹುದಾದ ಶೆಡ್ಡು ಇದ್ದದ್ದೇ ಒಂದು. ಊರಿಂದ ಆಚೆ, ಹೊಲದ ನಡುವೆ. ನಡೆಸುತ್ತಿದ್ದಾಕೆ ಆ ಮನೆಯ ಸೊಸೆ, ನನ್ನದೇ ವಯಸ್ಸಿನವಳು. ಮೊದಲು ಗುಬ್ಬಿಯ ಕೊಬ್ಬರಿ ಮಂಡಿಯಲ್ಲಿ ಕಾಯಿ ಸುಲಿಯುವ ಕೂಲಿಗೆ ಹೋಗುತ್ತಿದ್ದಳಂತೆ. ಈಗ ಮೊಟ್ಟೆ ಬುಟ್ಟಿ ಹೊತ್ತು ಅದೇ ಮಂಡಿಯ ಮುಂದೆ ಕತ್ತೆತ್ತಿ ನಡೆಯುತ್ತಿದ್ದಳು.

"ಮಾಗೀಲಿ ನಮ್ಮವೂ ಎಲ್ಲಾ ಕೆಮ್ಮಿದ್ವು ಡಾಕ್ಟ್ರಮ್ಮ," ಎಂದಳು. "ಮೊಟ್ಟೆ ಎಲ್ಲಾ ಸೊಟ್ಟಸೊಟ್ಟ. ಆಮ್ಯಾಕೆ ಅವೇ ಸರಿಹೋದ್ವು."

ರೆಕ್ಕೆಯ ನರದಿಂದ ರಕ್ತ ತೆಗೆದು ತಂದೆ. ಸೀರಂ ಬೇರ್ಪಡಿಸಿ, ವೈರಸ್ಸಿನ ಜೊತೆ ಬೆರೆಸಿ, ಮೊಟ್ಟೆಗೆ ಚುಚ್ಚುವ ಪರೀಕ್ಷೆ. ಸೀರಂನಲ್ಲಿ ಸಾಕಷ್ಟು ಪ್ರತಿಕಾಯ ಇದ್ದರೆ ಅದು ವೈರಸ್ಸನ್ನು ಕಟ್ಟಿಹಾಕುತ್ತದೆ, ಭ್ರೂಣ ಉಳಿಯುತ್ತದೆ. ನನ್ನ ಭ್ರೂಣಗಳು ಹೆಚ್ಚುಕಡಿಮೆ ಎಲ್ಲವೂ ಸುರುಟಿಕೊಂಡವು. ಹಾಗೆಂದೇ ಬರೆದು ಕೊಟ್ಟೆ. ಶಕ್ತಿಯಿಲ್ಲದ ಅಷ್ಟು ಕೋಳಿಗಳಿಗೆ ರೋಗ ಹತ್ತಿದರೆ ಅಲ್ಲಿಂದ ಇಡೀ ತಾಲ್ಲೂಕಿಗೆ ಹಬ್ಬುತ್ತದೆ, ಮರಿ ಹಂಚುವ ಮೊದಲೇ, ತಿಂಗಳ ಕೊನೆಯೊಳಗೆ ಶೆಡ್ಡು ಖಾಲಿ ಮಾಡಿಸಬೇಕೆಂದು ಉಪನಿರ್ದೇಶಕರು ಹೇಳಿದರು.

"ಸರ್, ಅವು ಮಾಗಿಯಲ್ಲೇ ಈ ರೋಗ ಕಂಡು ಗೆದ್ದಿವೆ," ಎಂದೆ.

"ಯಾರು ಹೇಳಿದ್ದು? ಆ ಹೆಂಗಸು. ರಕ್ತ ಹೇಳ್ತಾ ಇದೆಯಾ?"

"ರಕ್ತದ ಪ್ರತಿಕಾಯ ಇಳಿದುಹೋಗಿರಬಹುದು ಸರ್. ಟಿ ಕೋಶಗಳು ಉಳಿದಿರಬಹುದಲ್ಲ?"

"ನೋಡಮ್ಮ," ಎಂದರು ಕನ್ನಡಕ ತೆಗೆದು. "ಇಲ್ಲ ಅಂತ ನೀನೇ ಬರೆದಿದ್ದೀಯ. ನಾಳೆ ಅಲ್ಲಿ ಬೆಂಕಿ ಹತ್ತಿಕೊಂಡರೆ ನಿನ್ನ ಟಿ ಕೋಶ ಬಂದು ಆರಿಸುತ್ತಾ?"

ಆರಿಸುತ್ತವೆ ಎಂದೇ ನನ್ನ ವಾದವಾಗಿತ್ತು. ರೋಗವನ್ನು ಎದುರಿಸಲು ಮೈಗೆ ಎರಡು ದಾರಿ. ಒಂದು, ರಕ್ತದಲ್ಲಿ ತೇಲುವ ಪ್ರತಿಕಾಯ. ವೈರಸ್ಸು ಜೀವಕೋಶದ ಹೊರಗಿರುವಾಗ ಹಿಡಿಯುವುದು ಅದರ ಕೆಲಸ. ಇನ್ನೊಂದು ಟಿ ಕೋಶ. ವೈರಸ್ಸು ಒಳಹೊಕ್ಕ ಜೀವಕೋಶವನ್ನೇ ಪತ್ತೆಹಚ್ಚಿ ಮುಗಿಸುವುದು ಇದರ ಕೆಲಸ. ಒಮ್ಮೆ ಕಂಡ ವೈರಸ್ಸನ್ನು ಇವು ಬಹುಕಾಲ ಮರೆಯುವುದಿಲ್ಲ. ಕೋಳಿಯ ಕೊರಳಿನ ಎರಡು ಪಕ್ಕಕ್ಕೂ ಸಾಲಾಗಿ ಅಂಟಿಕೊಂಡ ಥೈಮಸ್ ಗ್ರಂಥಿಯಲ್ಲಿ ಇವು ತಯಾರಾಗುತ್ತವೆ. ಟಿ ಎಂಬ ಹೆಸರು ಅದರಿಂದಲೇ. ಪ್ರತಿಕಾಯ ಮಾಡುವ ಕೋಶಗಳದು ಬೇರೆ ಮನೆ, ಬಾಲದ ಬುಡದ ಬರ್ಸಾ ಎಂಬ ಚೀಲ. ಇವೆರಡೂ ಬೇರೆಬೇರೆ ಎಂದು ಲೋಕಕ್ಕೆ ಕಲಿಸಿಕೊಟ್ಟದ್ದೇ ಕೋಳಿ. ಅಂಥ ಕೋಳಿಯನ್ನೇ ಅರ್ಧ ಲೆಕ್ಕ ನೋಡಿ ಕೊಲ್ಲಲು ಹೊರಟಿದ್ದರು. ನನಗೆ ಸಿಟ್ಟು ಬರದೆ ಇನ್ನೇನು ಬರಬೇಕಿತ್ತು?

ಟಿ ಕೋಶ ಎಣಿಸುವ ಸೌಕರ್ಯ ನಮ್ಮ ಲ್ಯಾಬಿನಲ್ಲಿ ಇರಲಿಲ್ಲ. ಆದರೆ ಅವು ಕೆಲಸ ಮಾಡುವುದನ್ನು ಚರ್ಮದ ಮೇಲೆ ಕಾಣಬಹುದು. ಮೊಟ್ಟೆಯಲ್ಲಿ ಬೆಳೆಸಿದ ವೈರಸ್ಸನ್ನು ಫಾರ್ಮಲಿನ್ ಹಾಕಿ ಸಾಯಿಸಿದೆ. ನಿಜವಾಗಿ ಸತ್ತಿದೆಯೋ ಎಂದು ಮತ್ತೆ ಮೊಟ್ಟೆಗೆ ಚುಚ್ಚಿ ಖಾತ್ರಿ ಮಾಡಿಕೊಂಡೆ. ಕೋಳಿಯ ಗಲ್ಲದ ಕೆಳಗೆ ಎರಡು ಕೆಂಪು ಜೋಲುಗಳಿವೆಯಲ್ಲ, ಅದರಲ್ಲಿ ಒಂದಕ್ಕೆ ಈ ಸತ್ತ ವೈರಸ್ಸು, ಇನ್ನೊಂದಕ್ಕೆ ಬರೀ ಉಪ್ಪುನೀರು. ಪ್ರತಿಕಾಯದಿಂದ ಊದಿಕೊಳ್ಳುವುದಾದರೆ ಕೆಲವೇ ಗಂಟೆಗಳಲ್ಲಿ ಊದಿ ಇಳಿಯುತ್ತದೆ. ಟಿ ಕೋಶಗಳು ನಿಧಾನಸ್ಥರು. ಒಂದೆರಡು ದಿನ ತೆಗೆದುಕೊಳ್ಳುತ್ತವೆ. ಅಳೆಯಲು ಸಾಧನವಿಲ್ಲದೆ, ಕಾಲೇಜೊಂದರ ಭೌತಶಾಸ್ತ್ರದ ಮೇಷ್ಟರ ಹತ್ತಿರ ತಂತಿಯ ದಪ್ಪ ಅಳೆಯುವ ಸ್ಕ್ರೂ ಗೇಜು ಕೇಳಿ ತಂದೆ. ಕೋಳಿಯ ಜೋಲಿಗೆ ಅಂದಾಗ ಆ ಮೇಷ್ಟರ ಮುಖ ನೋಡಬೇಕಿತ್ತು.

ಗುಬ್ಬಿಯ ಕೋಳಿಗಳಲ್ಲಿ ಸತ್ತ ವೈರಸ್ಸು ಚುಚ್ಚಿದ ಜೋಲು ಮಾರನೆಯ ದಿನ ಊದಿಕೊಂಡಿತು. ಅದರ ಮಾರನೆಯ ದಿನ ಇನ್ನೂ ದಪ್ಪವಾಯಿತು. ಗೂಳೂರಿನಲ್ಲಿ ಈ ಕೆಮ್ಮು ಕಂಡೇ ಇರದ ಮನೆಗಳ ಕೋಳಿಗಳಿಗೂ ಚುಚ್ಚಿದ್ದೆ. ಅವುಗಳ ಎರಡೂ ಜೋಲು ಒಂದೇ ಸಮ. ಇದಕ್ಕಿಂತ ಸ್ಪಷ್ಟ ಉತ್ತರ ಬೇಕೆ? ಕುಣಿಯುತ್ತ ಹೋಗಿ ತೋರಿಸಿದೆ.

"ಊತ ಊತಾನೇ," ಎಂದರು ಉಪನಿರ್ದೇಶಕರು. "ನನ್ನ ಕಾಲಿಗೂ ಬರುತ್ತೆ. ಊದಿದ ಮಾತ್ರಕ್ಕೆ ರೋಗ ತಡೆಯುತ್ತೆ ಅಂತ ಏನು ಗ್ಯಾರಂಟಿ?"

ಅವರು ಕೆಟ್ಟವರಾಗಿರಲಿಲ್ಲ. ಆದರೆ ಸೀರಂ ಒಂದನ್ನೇ ನಂಬಿ ಇಡೀ ವೃತ್ತಿ ಮುಗಿಸುತ್ತಿದ್ದ ಮನುಷ್ಯ. ಒಪ್ಪಿಕೊಳ್ಳಲು ಇಷ್ಟವಿಲ್ಲ, ಆದರೂ ಅವರ ಪ್ರಶ್ನೆಯಲ್ಲಿ ನ್ಯಾಯವಿತ್ತು. ಊತ ಇದೆ ಎಂದರೆ ಟಿ ಕೋಶಗಳಿಗೆ ನೆನಪಿದೆ ಎಂದಷ್ಟೇ. ಆ ನೆನಪು ಕೋಳಿಯನ್ನು ಕಾಯುತ್ತದೆಯೇ ಎಂದು ತಿಳಿಯಲು ಒಂದೇ ದಾರಿ: ಕೆಮ್ಮುವ ಕೋಳಿಗಳನ್ನು ತಂದು ಆ ಶೆಡ್ಡಿನೊಳಗೇ ಬಿಡುವುದು.

"ಬಿಟ್ಟು ನೋಡ್ತೀನಿ ಸರ್," ಎಂದೆ.

"ಬಿಡಮ್ಮ. ಹೇಗೂ ಸಾಯೋ ಕೋಳಿಗಳು," ಎಂದು ನಕ್ಕರು.

ಸೊಸೆಗೆ ಮುಚ್ಚುಮರೆಯಿಲ್ಲದೆ ಹೇಳಿದೆ. ರೋಗದ ಕೋಳಿ ತರುತ್ತೇನೆ, ನಿನ್ನವು ತಡೆದುಕೊಂಡರೆ ಉಳಿದವು, ಇಲ್ಲದಿದ್ದರೆ ನಾನೇ ಕೊಂದ ಹಾಗೆ. ಅವಳು ಒಮ್ಮೆ ಶೆಡ್ಡಿನ ಕಡೆ ತಿರುಗಿ ನೋಡಿದಳು. "ತನ್ನಿ. ಸುಮ್ಕೆ ಕುತ್ಗೆ ಮುರಿಸ್ಕೊಳ್ಳೋದ್ಕಿಂತ ವಾಸಿ," ಎಂದಳು.

ಎರಡು ಬಗೆಯ ಹೊರಗಿನ ಕೋಳಿಗಳು ಬೇಕಿದ್ದವು. ಕುಣಿಗಲ್ ಕಡೆಯಿಂದ ಕೆಮ್ಮುವಂಥವು, ವೈರಸ್ಸು ಹಂಚಲು. ಗೂಳೂರಿಂದ ಈ ರೋಗ ಕಾಣದಂಥವು. ಅವು ಕೆಮ್ಮಿದರೆ ವೈರಸ್ಸು ನಿಜವಾಗಿ ಹರಡಿದೆ ಎಂದು ಅರ್ಥ. ಆ ಗುರುತಿಲ್ಲದೆ ಗುಬ್ಬಿಯ ಕೋಳಿ ಚೆನ್ನಾಗಿದೆ ಅಂದರೆ ಯಾರು ನಂಬುತ್ತಾರೆ? ಗೂಳೂರಿನವನ್ನು ಮೊದಲೇ ಗುಬ್ಬಿಗೆ ಸಾಗಿಸಿದೆ. ಆಮೇಲೆ ಕುಣಿಗಲ್‌ನಿಂದ ಬರುವಾಗ ಒದ್ದೆ ಗೋಣಿ ಹೊದಿಸಿದ ಬುಟ್ಟಿಗಳನ್ನು ಇಟ್ಟುಕೊಂಡು ಗೂಳೂರು ದಾಟಬೇಕಿತ್ತು. ಡ್ರೈವರು ಟೀ ಕುಡಿಯಲು ಅಲ್ಲೇ ನಿಲ್ಲಿಸುವವನು, ಆ ಊರಿಗೆ ರೋಗ ಇಳಿಯಬಾರದೆಂದು ಬೈದು ಓಡಿಸಿದೆ.

ಕೊನೆಗೆ ಹೊರಗಿನವು ಯಾವುವು ಎಂದು ತಿಳಿಯಬೇಕಲ್ಲ. ಕಾಲಿಗೆ ಹಾಕುವ ಬಳೆಗಳು ಸರಬರಾಜಾಗಿರಲಿಲ್ಲ. ಬಿಳಿ ದಾರ ಕಟ್ಟಿದರೆ ಕೊಳೆಯಾಗಿ ಕಾಣುವುದಿಲ್ಲ. ತುಮಕೂರಿನ ಬಸ್‌ಸ್ಟ್ಯಾಂಡಿನ ಹತ್ತಿರದ ಗ್ರಂಥಿಗೆ ಅಂಗಡಿಯಲ್ಲಿ ಒಂದುಂಡೆ ಅರಿಶಿನದ ದಾರ ಕೊಂಡು ಎಲ್ಲಕ್ಕೂ ಕಟ್ಟಿದೆ, ಕುಣಿಗಲ್‌ನವಕ್ಕೂ ಗೂಳೂರಿನವಕ್ಕೂ. ಹೊಸ ಕೋಳಿಗಳನ್ನು ಹಗಲಲ್ಲಿ ಬಿಟ್ಟರೆ ಹಳೆಯವು ಕುಕ್ಕಿ ಗಾಯ ಮಾಡುತ್ತವೆ. ಸಂಜೆ ಬಿಡಿ ಎಂದು ಬುಟ್ಟಿಗಳನ್ನು ಶೆಡ್ಡಿನ ಬಾಗಿಲಲ್ಲಿ ಇಳಿಸಿ ಬಂದೆ. ಮಾರನೆಯ ದಿನದಿಂದ ಉಪನಿರ್ದೇಶಕರು ನನ್ನನ್ನು ಯಾವುದೋ ತರಬೇತಿ ಶಿಬಿರಕ್ಕೆ ಕಟ್ಟಿಹಾಕಿದರು.

ಆ ವಾರವೇ ಗುಬ್ಬಿಯಿಂದ ಫೋನ್ ಬಂತು. ಸೊಸೆ ಪೋಸ್ಟಾಫೀಸಿನಿಂದ ಕೂಗುತ್ತಿದ್ದಳು: "ಡಾಕ್ಟ್ರಮ್ಮಾ, ದಾರದವೆಲ್ಲಾ ಕೆಮ್ತಾ ಅವೆ! ಗೂಳೂರಿನವೂವೆ! ನಮ್ಮವಕ್ಕೆ ಏನೂ ಆಗಿಲ್ಲ!"

ರಿಸೀವರ್ ಇಟ್ಟವಳೇ ಶಿಬಿರವನ್ನು ಅರ್ಧಕ್ಕೇ ಬಿಟ್ಟು ಹೋಗಿ ಉಪನಿರ್ದೇಶಕರಿಗೆ ಹೇಳಿದೆ. ಬನ್ನಿ ಸರ್, ಕಣ್ಣಾರೆ ನೋಡಿ ಎಂದೆ. ದಾರಿಯುದ್ದಕ್ಕೂ ಜೀಪಿನಲ್ಲಿ ನಾನೇ ಮಾತಾಡಿದೆ.

ಶೆಡ್ಡಿನಲ್ಲಿ ದಾರದ ಕೋಳಿ ಒಂದೂ ಇರಲಿಲ್ಲ.

ಅವು ಮನೆಯ ಹಿಂದಿನ ದನದ ಕೊಟ್ಟಿಗೆಯಲ್ಲಿದ್ದವು. ನೆಲ ಸಾರಿಸಿತ್ತು. ಬೋರಲು ಹಾಕಿದ ಬಿದಿರ ಮಂಕರಿಗಳ ಕೆಳಗೆ ಕೂತು ಗೊರಗೊರ ಅನ್ನುತ್ತಿದ್ದವು, ಮುಂದೆ ನೆನೆಸಿದ ರಾಗಿ. ಒಂದೊಂದರ ಜುಟ್ಟಿಗೂ ಕುಂಕುಮ. ಪಕ್ಕದಲ್ಲಿ ಸೊಸೆಯ ಅತ್ತೆ ಕೂತು ಮಂಕರಿಯೊಳಗೆ ನೀರಿನ ಚಿಪ್ಪು ಇಡುತ್ತಿದ್ದರು.

"ಇದೇನಜ್ಜಿ?" ಎಂದೆ.

"ಇನ್ನೇನವ್ವ, ಅಮ್ಮನಿಗೆ ಮುಡುಪು ಬುಟ್ಟ ಕೋಳೀನ ಬ್ಯಾರೆ ಕೋಳಿ ಜೊತೆ ಕೂಡಾಕ್ತಾರಾ? ಅವತ್ತು ಸಂಜೆ ಬುಟ್ಟಿ ತೆಗೀತೀನಿ, ಎಲ್ಲದ್ರ ಕಾಲಲ್ಲೂ ಅರಿಸ್ನದ ದಾರ! ಈ ಹುಡ್ಗೀಗೆ ತಿಳಿಯಾಕಿಲ್ಲ ಅಂತ ನಾನೇ ತಂದಿಲ್ಲಿ ಬುಟ್ಟೆ."

ಸೊಸೆ ನೆಲ ನೋಡುತ್ತಿದ್ದಳು. ಅತ್ತೆ ಮಾಡಿದ್ದು ಅವಳಿಗೆ ಗೊತ್ತಿತ್ತು, ಅದರಿಂದ ಏನು ಕೆಡುತ್ತದೆಂದು ಗೊತ್ತಿರಲಿಲ್ಲ. ಎರಡೂ ಒಂದೇ ತೊಟ್ಟಿಯಲ್ಲಿ ಕುಡಿಯಲೇಬೇಕು ಎಂದು ನಾನು ಬಿಡಿಸಿ ಹೇಳಿರಲಿಲ್ಲ. ಯಾವುದರಲ್ಲಿ ಕೆಮ್ಮು ಬರುತ್ತದೆ ನೋಡು ಎಂದಿದ್ದೆ, ಅವಳು ನೋಡಿ ಹೇಳಿದ್ದಳು. ಆ ಸೀಮೆಯಲ್ಲಿ ಅರಿಶಿನದ ದಾರ ಕಟ್ಟಿದ ಕೋಳಿಯೆಂದರೆ ಹರಕೆಯ ಕೋಳಿ. ಇದು ಅಲ್ಲಿನ ಯಾವ ಮನೆಯಲ್ಲಿ ಕೇಳಿದರೂ ಹೇಳುತ್ತಿದ್ದರು. ಕೇಳಬೇಕು ಅಂತ ನನಗೆ ಹೊಳೆದಿರಲಿಲ್ಲ.

ಉಪನಿರ್ದೇಶಕರು ಕರ್ಚೀಫಿನಲ್ಲಿ ಬೆವರು ಒರೆಸಿಕೊಂಡರು. "ಚೆನ್ನಾಗಿದೆಯಮ್ಮ ನಿನ್ನ ಪ್ರಯೋಗ. ಕುಂಕುಮ ಬೇರೆ. ಸಾಕು, ನಡಿ ಜೀಪು ಹತ್ತು. ಮುಂದಿನ ವಾರ ಜನ ಕರ್ಕೊಂಡು ಬಂದು ಮುಗಿಸಿಬಿಡೋಣ."

ನಾಚಿಕೆಯಾಯಿತು, ಸುಳ್ಳೇಕೆ ಹೇಳಲಿ. ಆದರೆ ಆ ಗೊರಗೊರ ಕಿವಿಗೆ ಬೀಳುತ್ತಲೇ ಇತ್ತು. ಗೂಳೂರಿನ ಕೋಳಿಗಳು ಕುಣಿಗಲ್‌ನವುಗಳ ಜೊತೆ ಒಂದೇ ಕೊಟ್ಟಿಗೆಯಲ್ಲಿದ್ದು ರೋಗ ಹತ್ತಿಸಿಕೊಂಡಿದ್ದವು. ಅಂದರೆ ವೈರಸ್ಸಿನಲ್ಲಿ ಜೀವವಿದೆ, ಹರಡುತ್ತದೆ, ರೋಗ ಕಾಣದ ಕೋಳಿಯನ್ನು ಕೆಡವುತ್ತದೆ. ಇಷ್ಟು ಆಗಲೇ ಸಾಬೀತಾಗಿತ್ತು. ಶೆಡ್ಡಿಗೆ ಮಾತ್ರ ಇನ್ನೂ ಸೋಕಿರಲಿಲ್ಲ. ಪ್ರಯೋಗ ಕೆಟ್ಟಿಲ್ಲ, ಅರ್ಧಕ್ಕೆ ನಿಂತಿದೆ.

ನಾನು ಜೀಪು ಹತ್ತಲಿಲ್ಲ. "ನಾನಿಲ್ಲೇ ಇರ್ತೀನಿ ಸರ್. ರಜ ಅಂತ ಹಾಕಿಕೊಳ್ಳಿ, ಗೈರುಹಾಜರಿ ಅಂತ ಬೇಕಾದರೂ ಹಾಕಿಕೊಳ್ಳಿ," ಎಂದೆ. ಅವರು ನನ್ನನ್ನೇ ದಿಟ್ಟಿಸಿ ನೋಡಿ, ಬಾಗಿಲು ದಬಾರನೆ ಹಾಕಿಕೊಂಡು ಹೋದರು.

ಉಳಿದದ್ದು ಅಜ್ಜಿಯ ಜೊತೆಗಿನ ಜಗಳ. ಉಪನಿರ್ದೇಶಕರಿಗಿಂತ ಗಟ್ಟಿ ಎದುರಾಳಿ.

"ದಾರ ಕಟ್ಟಿದ್ದು ನಾನಜ್ಜಿ. ಗುರುತಿಗೆ ಕಟ್ಟಿದ್ದು. ದೇವರಿಗೆ ಅಂತ ನಾನು ಹೇಳೇ ಇಲ್ಲ."

"ನೀನು ಯೋಳದಿದ್ರೇನು, ನಾನು ಯೋಳಿವ್ನಿ. ನನ್ ಸೊಸೆ ಶೆಡ್ಡು ಉಳಿಸ್ಕೊಡವ್ವಾ, ಇವು ನಿನ್ವೇಯ ಅಂತ ಕೈ ಮುಗ್ದಿವ್ನಿ. ಈಗ ಅವ್ನ ಎತ್ಕೊಂಡೋಗಿ ಗೊಬ್ಬರದ್ ಮ್ಯಾಲೆ ಬುಡು ಅಂತೀಯಲ್ಲ?"

ದಾರ ಬಿಚ್ಚಿ ಎಸೆದುಬಿಡಬಹುದಿತ್ತು, ಮೂಢನಂಬಿಕೆ ಅಂತ ಭಾಷಣವನ್ನೂ ಬಿಗಿಯಬಹುದಿತ್ತು. ಆದರೆ ಆ ಶೆಡ್ಡು ಉಳಿಯಲಿ ಎಂದು ನನ್ನ ಹಾಗೆ ಹಟ ಹಿಡಿದಿದ್ದ ಇನ್ನೊಬ್ಬರು ಆ ಊರಲ್ಲಿ ಈ ಮುದುಕಿಯೇ.

"ಶೆಡ್ಡು ಉಳಿಸೋಕೆ ತಾನೇ ಬಿಟ್ಟಿದ್ದು?" ಎಂದೆ. "ಇವು ಒಳಗೆ ಹೋಗಿ ಕೂತರೇನೇ ಶೆಡ್ಡು ಉಳಿಯೋದು. ಕೊಟ್ಟಿಗೇಲಿ ಕೂತು ರಾಗಿ ತಿಂದರೆ ಅಮ್ಮ ತಾನೇ ಏನು ಮಾಡ್ತಾಳೆ?"

ಅಜ್ಜಿ ನನ್ನ ಮುಖ ನೋಡಿದರು. ಸೊಸೆಯ ಮುಖ ನೋಡಿದರು. ಆಮೇಲೆ ಸೆರಗು ಸಿಕ್ಕಿಸಿಕೊಂಡು ಎದ್ದರು. "ಹೊಸ ಸಿಪ್ಪೆ ಹಾಸೇ," ಎಂದು ಸೊಸೆಗೆ ಹೇಳಿದರು. ಅವಳು ಶೆಡ್ಡಿಗೆ ಹೊಸ ಕಡಲೆಕಾಯಿ ಸಿಪ್ಪೆ ಹಾಸಿದಳು. ಸಂಜೆ ಹೊತ್ತಿಗೆ ಅಜ್ಜಿಯೇ ಮಂಕರಿ ಎತ್ತಿ ಎತ್ತಿ, ಕೆಮ್ಮುವ ಕೋಳಿಗಳನ್ನು ಒಂದೊಂದಾಗಿ ಒಳಗೆ ಬಿಟ್ಟರು. ನೀರಿನ ತೊಟ್ಟಿ ಒಂದೇ, ಮೇವಿನ ತೊಟ್ಟಿ ಒಂದೇ. ತಪ್ಪಿಸಿಕೊಳ್ಳಲು ಯಾವ ಕೋಳಿಗೂ ಜಾಗವಿರಲಿಲ್ಲ.

ಆಮೇಲಿನ ದಿನಗಳಲ್ಲಿ ನಾನು ಮಾಡಿದ್ದು ಒಂದೇ ಕೆಲಸ. ಬೆಳಗ್ಗೆ ಸಂಜೆ ಆ ಮನೆಯ ಕೋಳಿಗಳನ್ನು ಎತ್ತಿ, ಬೆನ್ನನ್ನು ಕಿವಿಗೆ ಒತ್ತಿ ಹಿಡಿದು ಕೇಳುವುದು. ರೋಗ ಹತ್ತಿದ್ದರೆ ಒಳಗೆ ನೀರು ಕುದಿಯುವಂಥ ಸದ್ದು ಇರುತ್ತದೆ. ಮೊಟ್ಟೆಗಳನ್ನು ಬೆರಳಿಂದ ಸವರಿ ನೋಡುವುದು, ಸುಕ್ಕು ಇದೆಯೇ ಎಂದು. ಈ ವೈರಸ್ಸು ಬಹಳ ದಿನ ಕಾಯಿಸುವುದಿಲ್ಲ. ಕೆಡವುವುದಿದ್ದರೆ ಬೇಗ ಕೆಡವುತ್ತದೆ. ಒಂದು ಬೆಳಗ್ಗೆ ಆ ಮನೆಯ ಹೇಂಟೆಯೊಂದು ಸೀನಿತು. ಇನ್ನೊಂದು ಸೀನಿತು. ಸೊಸೆ ಕೈಯಲ್ಲಿದ್ದ ಬುಟ್ಟಿ ಕೆಳಗಿಟ್ಟು ನನ್ನ ಕಡೆ ತಿರುಗಿದಳು. ಎಲ್ಲವನ್ನೂ ಎತ್ತಿ ಕೇಳಿದೆ, ಬಾಯಿ ತೆರೆದು ಟಾರ್ಚು ಬಿಟ್ಟು ನೋಡಿದೆ. ಗಂಟಲು ಶುಭ್ರ, ಕಣ್ಣು ಒಣ. ಸಂಜೆಗೆ ಸೀನೂ ನಿಂತಿತು. ವೈರಸ್ಸು ಬಾಗಿಲವರೆಗೆ ಬಂದು ಒದೆ ತಿಂದು ಹೋಗಿತ್ತು ಎಂದೇ ನನ್ನ ನಂಬಿಕೆ. ಆಗ ಬಂದ ಸಂತೋಷದಲ್ಲಿ ಆ ಕೋಳಿಗೆ ಮುತ್ತು ಕೊಡುವುದೊಂದು ಬಾಕಿ.

ಗೂಳೂರಿನವುಗಳ ಪಾಡು ನೋಡಲಾಗುತ್ತಿರಲಿಲ್ಲ. ಕತ್ತು ಚಾಚಿ, ಬಾಯಿ ತೆರೆದು ಉಸಿರಾಡುತ್ತಿದ್ದವು. ಅವುಗಳದೇನೂ ತಪ್ಪಿರಲಿಲ್ಲ, ನನ್ನ ವಾದಕ್ಕೆ ಸಾಕ್ಷಿಯಾಗಲು ಬಂದು ನರಳುತ್ತಿದ್ದವು. ಅದೇ ತೊಟ್ಟಿಯಲ್ಲಿ, ಅವುಗಳ ಕೊಕ್ಕಿನ ಪಕ್ಕದಲ್ಲೇ ಕೊಕ್ಕಿಟ್ಟು ಆ ಮನೆಯ ಕೋಳಿಗಳು ನೀರು ಕುಡಿದು ಮೊಟ್ಟೆಯಿಡುತ್ತಿದ್ದವು.

ಉಪನಿರ್ದೇಶಕರು ಹೇಳಿದಂತೆಯೇ ಬಂದರು. ಜೀಪಿನ ಹಿಂದೆ ಗೋಣಿಚೀಲ, ಸುಣ್ಣ, ನಾಲ್ಕು ಜನ ಆಳು.

"ಸರ್," ಎಂದೆ, "ಒಳಗೆ ಬನ್ನಿ. ಈ ಮನೆಯ ಕೋಳಿಗಳಲ್ಲಿ ಕೆಮ್ಮುವುದು ಒಂದನ್ನು ಹಿಡಿದು ಕೊಡಿ. ಒಂದೇ ಒಂದು. ಚೀಲದ ಬಾಯಿ ನಾನೇ ಹಿಡೀತೀನಿ."

ಅವರು ಬೂಟು ಬಿಚ್ಚಿ ಒಳಗೆ ಬಂದರು. ಎಷ್ಟಾದರೂ ಹಳೆಯ ಡಾಕ್ಟರು, ಕೋಳಿ ಎತ್ತಿ ಕಿವಿಗೆ ಹಿಡಿಯುವ ಕೈ ಮರೆತಿರಲಿಲ್ಲ. ಒಂದನ್ನು ಕೇಳಿ ಬಿಟ್ಟರು. ಇನ್ನೊಂದನ್ನು ಕೇಳಿದರು. ಮೂಲೆಯಲ್ಲಿದ್ದವನ್ನು ಹುಡುಕಿ ಎತ್ತಿದರು. ಕಾಲಬುಡದಲ್ಲಿ ದಾರದ ಕೋಳಿಗಳು ಗೊರಗೊರ ಅನ್ನುತ್ತಲೇ ಇದ್ದವು, ಅವರ ಕೈಯಲ್ಲಿದ್ದ ಕೋಳಿ ಮಾತ್ರ ಬಿಡಿಸಿಕೊಳ್ಳಲು ಒದ್ದಾಡುತ್ತಿತ್ತು. ಆಳುಗಳು ಬಾಗಿಲಲ್ಲಿ ನಿಂತು ಬೀಡಿ ಹಚ್ಚಿದರು. ಕೊನೆಗೆ ಅವರು ಹೊರಗೆ ಬಂದು, ಅಂಗಿಗೆ ಅಂಟಿದ್ದ ಪುಕ್ಕ ಒಂದೊಂದಾಗಿ ಕೀಳುತ್ತ ನಿಂತರು.

"ರಕ್ತದಲ್ಲಿ ಇರಲಿಲ್ಲವಲ್ಲಮ್ಮ," ಎಂದರು. ಈ ಸಲ ಅದರಲ್ಲಿ ಗದರಿಕೆ ಇರಲಿಲ್ಲ.

"ರಕ್ತದಲ್ಲಿ ಇರಲಿಲ್ಲ ಸರ್. ಕೋಳಿಯಲ್ಲಿ ಇತ್ತು."

ಸುಣ್ಣದ ಮೂಟೆ ಇಳಿಸಬೇಡಿ ಎಂದು ಆಳುಗಳಿಗೆ ಹೇಳಿದರು. ಸೊಸೆ ಶೆಡ್ಡಿನ ಕಂಬಕ್ಕೆ ಒರಗಿ ಕೂತು ಸೆರಗಿಂದ ಕಣ್ಣೊರೆಸಿಕೊಂಡಳು. ನನಗೂ ಕಣ್ಣು ತುಂಬಿತು. ತಡೆದುಕೊಳ್ಳಲು ನಾನೇನೂ ಪ್ರಯತ್ನಿಸಲಿಲ್ಲ.

ಆದರೆ ಬಂದ ದಾರಿಗೆ ಸುಮ್ಮನೆ ಹೋಗುವುದು ಅಧಿಕಾರಿಗಳ ಜಾಯಮಾನವಲ್ಲ. ಜೀಪಿನ ಹತ್ತಿರ ಹೋದವರು ತಿರುಗಿದರು. "ಆ ದಾರ ಕಟ್ಟಿದವನ್ನಾದರೂ ಚೀಲಕ್ಕೆ ಹಾಕಿ. ಅವಂತೂ ಕಣ್ಣೆದುರೇ ಕೆಮ್ತಾ ಇವೆ. ಅವನ್ನು ಮುಗಿಸೋದೇ ಸರಿ."

ಆಳು ಚೀಲ ಬಿಡಿಸಿಕೊಂಡು ಬಂದ. ನಾನು ಬಾಯಿ ತೆರೆಯುವಷ್ಟರಲ್ಲಿ ಸೊಸೆ ಎದ್ದು, ಶೆಡ್ಡಿನ ಬಾಗಿಲಿಗೆ ಎರಡೂ ಕೈ ಅಡ್ಡ ಹಿಡಿದು ನಿಂತಿದ್ದಳು.

"ಇಲ್ಲ ಸಾ. ನಮ್ಮವೂ ಮಾಗೀಲಿ ಹಿಂಗೇ ಕೆಮ್ಮಿದ್ವು," ಎಂದಳು. "ಆವಾಗ ನೀವ್ಯಾರೂ ಬಂದಿರ್ಲಿ‌ಲ್ಲ. ಅದಕ್ಕೇ ಉಳ್ಕೊಂಡ್ವು."